‘ಸಹಕರಿಸಲಿಲ್ಲ’ ಎಂದು ಬರೆಯುವ ಮುನ್ನ: ಮಾನಸಿಕ ಆರೋಗ್ಯ ತರಬೇತಿಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನಸಿಕ ಆರೋಗ್ಯ ಸಿಬ್ಬಂದಿಗೆ ತರಬೇತಿ ನೀಡುವ ಸಂಸ್ಥೆಗಳ ಮುಖ್ಯಸ್ಥರಿಗೆ ಮತ್ತು ಪಠ್ಯಕ್ರಮ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ನಾನು ಇಪ್ಪತ್ತೆರಡು ವರ್ಷಗಳಿಂದ ಹದಿಹರೆಯದವರ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಕಳೆದ ಎಂಟು ವರ್ಷಗಳಿಂದ, ತರಬೇತಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರ ಮೇಲ್ವಿಚಾರಣೆಯ ಜವಾಬ್ದಾರಿಯೂ ನನ್ನದಾಗಿದೆ. ತಾವು ಕಲಿಸಿ ಕಳುಹಿಸಿದವರು ಮೊದಲ ಬಾರಿಗೆ ಒಬ್ಬ ಹುಡುಗನ ಅಥವಾ ಹುಡುಗಿಯ ಎದುರು ಒಂಟಿಯಾಗಿ ಕೂರುವ ದಿನವನ್ನು ಹತ್ತಿರದಿಂದ ಕಂಡವಳು ನಾನು. ಅವರಲ್ಲಿ ಕಾಳಜಿಯ ಕೊರತೆ ಕಾಣಿಸಿದ್ದು ತೀರಾ ಅಪರೂಪ. ಹಾಗಿದ್ದೂ, ಯಾರಿಗೆ ನೆರವಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದೆಯೋ ಅಂಥ ಮಕ್ಕಳೇ ಅವರ ಕೈಯಿಂದ ಎಲ್ಲರಿಗಿಂತ ಮೊದಲು ಜಾರಿಹೋಗುವುದನ್ನು ವರ್ಷಗಟ್ಟಲೆ ನೋಡಿದ ಮೇಲೆ, ಇದನ್ನು ತಮ್ಮ ಮುಂದಿಡದೆ ಸುಮ್ಮನಿರುವುದು ಸರಿಯಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಯಾರ ಕುರಿತು ಹೇಳುತ್ತಿದ್ದೇನೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಓದು ಬಿಟ್ಟು ದುಡಿಮೆಗೆ ನಿಂತವರು, ಪಾಲನಾಗೃಹಗಳಲ್ಲಿ ಬೆಳೆದು ಹದಿನೆಂಟು ತುಂಬಿದ ದಿನ ಹೊರಗೆ ಕಾಲಿಟ್ಟವರು, ಹುಟ್ಟಿದ ಊರನ್ನೂ ಆಡುವ ಭಾಷೆಯನ್ನೂ ಬಿಟ್ಟು ಬಂದ ಕುಟುಂಬಗಳ ಮಕ್ಕಳು, ಒಮ್ಮೆ ಪೊಲೀಸರ ಕೈಗೆ ಸಿಕ್ಕಿ ಆ ಕಳಂಕವನ್ನು ಹೊತ್ತು ತಿರುಗುವವರು, ಕಿವಿ ಕೇಳಿಸದವರು, ತಮ್ಮ ಲೈಂಗಿಕತೆಯನ್ನು ಹೇಳಿಕೊಂಡ ತಪ್ಪಿಗೆ ಮನೆ ಕಳೆದುಕೊಂಡವರು. ಇವರೆಲ್ಲರನ್ನೂ ಸೇರಿಸಿ ನಾವು ‘ಸೇವಾವಂಚಿತ ಯುವಜನ’ ಎನ್ನುತ್ತೇವೆ. ಇದು ಕಚೇರಿಯ ಪದ. ಅವರಲ್ಲಿ ಒಬ್ಬರೂ ತಮ್ಮನ್ನು ಹಾಗೆ ಕರೆದುಕೊಂಡಿದ್ದನ್ನು ನಾನು ಕೇಳಿಲ್ಲ.

ಎರಡು ವರ್ಷಗಳ ಹಿಂದೆ ನಾನು ಕೆಲಸ ಮಾಡುವ ಕೇಂದ್ರದಲ್ಲಿ ಹಳೆಯ ಕಡತಗಳನ್ನು ವಿಲೇವಾರಿ ಮಾಡುವ ಕೆಲಸ ಬಂತು. ವಿಲೇವಾರಿಗೆ ಮೊದಲು ಅವನ್ನೊಮ್ಮೆ ಓದಿನೋಡೋಣವೆಂದು ಕುಳಿತೆ. ಇಪ್ಪತ್ತೈದರೊಳಗಿನವರ ಕಡತಗಳಲ್ಲಿ ನಡುವೆಯೇ ನಿಂತುಹೋದವು ಬಹಳಷ್ಟಿದ್ದವು, ಅವುಗಳ ಕೊನೆಯ ಪುಟದಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯವಿತ್ತು: ‘ಚಿಕಿತ್ಸೆಗೆ ಸಹಕರಿಸಲಿಲ್ಲ, ಬರುವುದನ್ನು ನಿಲ್ಲಿಸಿದ್ದಾನೆ.’ ಕೆಲವೆಡೆ ‘ಪ್ರೇರಣೆಯ ಕೊರತೆ’ ಎಂದಿತ್ತು, ಕೆಲವೆಡೆ ‘ಕುಟುಂಬದ ಬೆಂಬಲವಿಲ್ಲ’ ಎಂದಿತ್ತು. ಯಾಕೆ ಬರಲಿಲ್ಲವೆಂದು ವಿಚಾರಿಸಿದ ಗುರುತು ಯಾವ ಕಡತದಲ್ಲೂ ಸಿಗಲಿಲ್ಲ. ಬರೆದವರು ಬೇರೆ ಬೇರೆ ಕಾಲದವರು, ಬೇರೆ ಬೇರೆ ಕಡೆ ಕಲಿತು ಬಂದವರು. ಅಷ್ಟೊಂದು ಜನರ ಕೈಯಿಂದ ಒಂದೇ ವಾಕ್ಯ ಬಂದಿದೆಯೆಂದರೆ ಅದನ್ನು ಅವರಿಗೆ ಯಾರೋ ಕಲಿಸಿರಲೇಬೇಕು ಎಂದು ಆ ಸಂಜೆ ನನಗೆ ಅನಿಸಿತು.

ಆ ರಾಶಿಯಲ್ಲಿ ನನ್ನ ಕೈಬರಹದ ಕಡತವೂ ಒಂದಿತ್ತು. ಹದಿನಾರು ವರ್ಷದ ಹುಡುಗ, ವಾಹನ ದುರಸ್ತಿಯ ಗ್ಯಾರೇಜಿನಲ್ಲಿ ಕೆಲಸ. ರಾತ್ರಿ ನಿದ್ದೆಯಿಲ್ಲ, ಎದೆ ಬಿಗಿಯುತ್ತದೆ, ಕೈ ನಡುಗುತ್ತದೆ ಎಂದು ಅವನ ಚಿಕ್ಕಮ್ಮ ಕರೆತಂದಿದ್ದರು. ಮೊದಲ ದಿನ ನಾನು ಅವನಿಗೆ ಪ್ರಶ್ನಾವಳಿ ಕೊಟ್ಟೆ. ಅವನು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತ ಕೂತು, ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂಬ ಕಡೆಗೆ ಗುರುತು ಹಾಕಿ ಕೊಟ್ಟ. ಅವನಿಗೆ ಓದಲು ಸರಿಯಾಗಿ ಬರುವುದಿಲ್ಲವೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಎರಡನೆಯ ದಿನ ನಲವತ್ತು ನಿಮಿಷ ತಡವಾಗಿ ಬಂದ. ಕಲಿತ ನಿಯಮದಂತೆ, ಅವನಿಗೆ ಉಳಿದಿರುವುದು ಹತ್ತು ನಿಮಿಷವೆಂದು ಹೇಳಿ, ಸಮಯಪಾಲನೆಯ ಮಹತ್ವವನ್ನು ವಿವರಿಸಿದೆ. ಆ ಹೊತ್ತಿನಲ್ಲಿ ಗ್ಯಾರೇಜಿನಿಂದ ಹೊರಗೆ ಬರಬೇಕಾದರೆ ಅವನು ಅರ್ಧ ದಿನದ ಕೂಲಿ ಬಿಡಬೇಕಿತ್ತು ಎಂಬುದು ನನಗೆ ತಿಳಿದದ್ದು ತಿಂಗಳುಗಳ ನಂತರ, ಅವನ ಚಿಕ್ಕಮ್ಮ ದಾರಿಯಲ್ಲಿ ಸಿಕ್ಕಾಗ. ಮೂರನೆಯ ಸಲ ಅವನು ಬರಲಿಲ್ಲ. ನಾನು ‘ಸಹಕರಿಸಲಿಲ್ಲ’ ಎಂದು ಬರೆದು ಸಹಿ ಹಾಕಿದ್ದೆ.

ಆ ವರ್ಷ ನನ್ನ ತರಬೇತಿ ಮುಗಿದು ಹೆಚ್ಚು ದಿನಗಳಾಗಿರಲಿಲ್ಲ, ಅಂಕಗಳೂ ಚೆನ್ನಾಗಿಯೇ ಬಂದಿದ್ದವು. ಖಿನ್ನತೆಯ ಲಕ್ಷಣಗಳನ್ನು ಒಂದೂ ಬಿಡದೆ ಹೇಳಬಲ್ಲವಳಾಗಿದ್ದೆ, ಆತಂಕಕ್ಕೆ ಯಾವ ಚಿಕಿತ್ಸೆ ಎಂಬುದು ಗೊತ್ತಿತ್ತು, ಮೌನವನ್ನು ಹೇಗೆ ಸಹಿಸಿಕೊಳ್ಳಬೇಕೆಂಬುದೂ ಗೊತ್ತಿತ್ತು. ಆದರೆ ನಾನು ಕಲಿತ ಪಾಠಗಳೆಲ್ಲವೂ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದ್ದವು: ತಾನಾಗಿಯೇ ನೆರವು ಕೇಳಿ ಬರುವ, ಹೇಳಿದ ಹೊತ್ತಿಗೆ ಬರಬಲ್ಲ, ಓದಬಲ್ಲ, ತನ್ನ ಒಳಗನ್ನು ಮಾತಿನಲ್ಲಿ ಬಿಡಿಸಿಡುವ ರೂಢಿಯಿರುವ, ಎದುರಿಗಿರುವ ಅಪರಿಚಿತರನ್ನು ನಂಬಲು ಕಾರಣವಿರುವ ವ್ಯಕ್ತಿ. ಅಂಥವರು ಇದ್ದಾರೆ, ಅವರಿಗೂ ನೋವಿದೆ, ಅವರಿಗೂ ಚಿಕಿತ್ಸೆ ಬೇಕು. ಆದರೆ ಗ್ಯಾರೇಜಿನ ಹುಡುಗನಿಗೆ ಈ ಐದರಲ್ಲಿ ಒಂದೂ ಅನ್ವಯಿಸುತ್ತಿರಲಿಲ್ಲ. ಅಂಥವನೊಬ್ಬ ಎದುರಿಗೆ ಬಂದು ಕೂತಾಗ ಏನು ಮಾಡಬೇಕೆಂದು ನನಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಇವತ್ತು ನನ್ನ ಬಳಿ ಬರುವ ಹೊಸಬರಿಗೂ ಯಾರೂ ತೋರಿಸಿಕೊಟ್ಟಿಲ್ಲ, ನನ್ನ ದೂರಿರುವುದು ಇದರ ಬಗ್ಗೆ.

ಇದು ಎಷ್ಟು ದೊಡ್ಡ ವಿಷಯವೆಂಬುದು ತಮಗೆ ತಿಳಿಯದ್ದಲ್ಲ. ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಸುಮಾರು ಏಳರಲ್ಲಿ ಒಬ್ಬರಿಗೆ ಒಂದಿಲ್ಲೊಂದು ಮಾನಸಿಕ ಕಾಯಿಲೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 15ರಿಂದ 29ರ ವಯಸ್ಸಿನವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆಗೆ ಮೂರನೆಯ ಸ್ಥಾನವಿದೆ ಎಂದೂ ಅದೇ ಸಂಸ್ಥೆಯ ಅಂಕಿಅಂಶ ತಿಳಿಸುತ್ತದೆ. 192 ಅಧ್ಯಯನಗಳನ್ನು, ಏಳು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಮಾನಸಿಕ ಕಾಯಿಲೆಗೆ ಒಳಗಾದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ಅದು 14 ತುಂಬುವುದರೊಳಗೆ, ಸುಮಾರು ಅರ್ಧದಷ್ಟು ಮಂದಿಗೆ 18ರೊಳಗೆ, ಶೇಕಡ 62ರಷ್ಟು ಮಂದಿಗೆ 25ರೊಳಗೆ ಶುರುವಾಗಿರುತ್ತದೆ. ಅಂದರೆ ನಮ್ಮ ವೃತ್ತಿಯ ಕೆಲಸದ ಬಹುಪಾಲು ಹುಟ್ಟುವುದೇ ಈ ವಯಸ್ಸಿನಲ್ಲಿ. ಪಠ್ಯಕ್ರಮದಲ್ಲಿ ಮಾತ್ರ ಈ ವಯಸ್ಸು ಹಲವೆಡೆ ಒಂದು ಅಧ್ಯಾಯವಾಗಿಯೋ ಒಂದು ಐಚ್ಛಿಕ ವಿಷಯವಾಗಿಯೋ ಉಳಿದಿದೆ.

ಇದಕ್ಕೆ ಸಿಬ್ಬಂದಿಯ ಕೊರತೆ ಸೇರಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಸಾಲಿಗೆ ಕಲೆಹಾಕಿದ ಮಾಹಿತಿಯಂತೆ, ಮಾನಸಿಕ ಆರೋಗ್ಯ ಸಿಬ್ಬಂದಿಯ ಸಂಖ್ಯೆಯ ಜಾಗತಿಕ ಮಧ್ಯಾಂಕ, ಅಂದರೆ ದೇಶಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ, ಪ್ರತಿ ಲಕ್ಷ ಜನರಿಗೆ 13. ಶ್ರೀಮಂತ ದೇಶಗಳಲ್ಲಿ ಇದು 60ಕ್ಕೂ ಹೆಚ್ಚು, ಅತಿ ಕಡಿಮೆ ಆದಾಯದ ದೇಶಗಳಲ್ಲಿ 2ಕ್ಕಿಂತ ಕಡಿಮೆ. ಹೀಗಿರುವಾಗ ಸಂಕಟದಲ್ಲಿರುವ ಹುಡುಗಿಯೊಬ್ಬಳನ್ನು ಮೊದಲು ಕಾಣುವವರು ಮನೋವೈದ್ಯರಾಗಿರುವುದು ಅಪರೂಪ. ದಾದಿ, ಶಾಲೆಯ ಆಪ್ತಸಮಾಲೋಚಕರು, ಆರೋಗ್ಯ ಕಾರ್ಯಕರ್ತೆ, ಪಾಲನಾಗೃಹದ ವಾರ್ಡನ್, ಸಮಾಜಕಾರ್ಯಕರ್ತರು — ಇವರಲ್ಲೊಬ್ಬರು ಮೊದಲು ಅವಳನ್ನು ಕಾಣುತ್ತಾರೆ. ಹೀಗಾಗಿ ತರಬೇತಿ ಎಂದಾಗ ನಾನು ದೊಡ್ಡ ಪದವಿಗಳನ್ನಷ್ಟೇ ಉದ್ದೇಶಿಸಿಲ್ಲ, ಇವರೆಲ್ಲರಿಗೂ ತಾವು ನಡೆಸುವ ಕಿರು ಅವಧಿಯ ತರಬೇತಿಗಳನ್ನೂ ಸೇರಿಸಿ ಹೇಳುತ್ತಿದ್ದೇನೆ.

ಭಾಷೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದಕ್ಕೆ ಅನುಮತಿ ಕೋರುತ್ತೇನೆ, ಏಕೆಂದರೆ ನಾನು ಕಂಡ ಅನಾಹುತಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗಿವೆ. ‘ಖಿನ್ನತೆ’ ಎಂಬ ಪದವನ್ನು ನನ್ನೆದುರು ತಾನಾಗಿ ಬಳಸಿದ ಮಕ್ಕಳು ಕಡಿಮೆ. ಅವರು ತಲೆ ಭಾರ ಎನ್ನುತ್ತಾರೆ, ಹೊಟ್ಟೆಯಲ್ಲಿ ಸಂಕಟ ಎನ್ನುತ್ತಾರೆ, ಯಾವುದೂ ಬೇಡ ಅನಿಸುತ್ತದೆ ಎನ್ನುತ್ತಾರೆ, ಸುಮ್ಮನೆ ಸಿಟ್ಟು ಬರುತ್ತದೆ ಎನ್ನುತ್ತಾರೆ. ಇದನ್ನು ಕೇಳಿದ ಹೊಸ ಸಮಾಲೋಚಕರು ತಾವು ಕಲಿತ ಪದಕ್ಕೆ ಅದನ್ನು ಒಗ್ಗಿಸಲು ಹೊರಡುತ್ತಾರೆ. ಮಗು ‘ಹೊಟ್ಟೆ’ ಎಂದಾಗ ಇವರು ‘ನಿನಗೆ ದುಃಖವಾಗುತ್ತಿದೆಯೇ’ ಎಂದು ಕೇಳುತ್ತಾರೆ. ಮಗು ‘ಇಲ್ಲ’ ಎನ್ನುತ್ತದೆ. ಆ ‘ಇಲ್ಲ’ ದಾಖಲೆಗೆ ಹೋಗುತ್ತದೆ.

ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರು 2006ರಲ್ಲಿ ಹದಿನಾಲ್ಕು ಮಂದಿ ಅಜ್ಜಿಯರೊಂದಿಗೆ ಆರಂಭಿಸಿದ ‘ಫ್ರೆಂಡ್‌ಶಿಪ್ ಬೆಂಚ್’ ಕೆಲಸವನ್ನು ತಮ್ಮಲ್ಲಿ ಅನೇಕರು ಪಾಠದಲ್ಲಿ ಉದಾಹರಿಸುತ್ತೀರಿ. ಆರೋಗ್ಯ ಕೇಂದ್ರದ ಅಂಗಳದ ಮರದ ಬೆಂಚಿನ ಮೇಲೆ ಕೂತು ಅಜ್ಜಿಯರು ಸಮಸ್ಯೆ ಕೇಳುವ ಚಿತ್ರ ಎಲ್ಲರಿಗೂ ಇಷ್ಟವಾಗುತ್ತದೆ. ಅದರ ಹಿಂದಿನ ಶ್ರಮ ಪಾಠಕ್ಕೆ ಬರುವುದು ಕಡಿಮೆ. ಅಲ್ಲಿ ಅವರು ಖಿನ್ನತೆ ಎಂಬ ಹೆಸರನ್ನು ಹೇರಲಿಲ್ಲ. ಶೋನಾ ಭಾಷೆಯಲ್ಲಿ ಜನ ಮೊದಲಿನಿಂದ ಹೇಳುತ್ತಿದ್ದ ‘ಕುಫುಂಗಿಸಿಸಾ’, ಅಂದರೆ ವಿಪರೀತ ಯೋಚನೆ, ಎಂಬ ಮಾತನ್ನೇ ಹಿಡಿದುಕೊಂಡರು. ಅವರು ಬಳಸಿದ ಹದಿನಾಲ್ಕು ಪ್ರಶ್ನೆಗಳ ಪಟ್ಟಿಯೂ ಆ ಭಾಷೆಯಾಡುವ ಜನ ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಯಿಂದಲೇ ಹುಟ್ಟಿದ್ದು. 573 ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ನಂತರ ಬೆಂಚಿಗೆ ಬಂದವರ ಸ್ಥಿತಿ ಸಾಮಾನ್ಯ ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು. ಅಜ್ಜಿಯರ ಪ್ರೀತಿಯಷ್ಟೇ ಅಲ್ಲಿ ಕೆಲಸ ಮಾಡಿತೆಂದು ಕಲಿಸಿದರೆ ವಿದ್ಯಾರ್ಥಿಗಳಿಗೆ ಅರ್ಧ ಸತ್ಯ ಕಲಿಸಿದಂತಾಗುತ್ತದೆ. ಅಲ್ಲಿ ಪ್ರೀತಿಯ ಜೊತೆಗೆ ಭಾಷೆಯ ಬಗ್ಗೆ ಮಾಡಿದ ಸಂಶೋಧನೆಯಿತ್ತು, ಹೆಜ್ಜೆ ಹೆಜ್ಜೆಯಾದ ವಿಧಾನವಿತ್ತು, ಮೇಲ್ವಿಚಾರಣೆಯಿತ್ತು.

ಇನ್ನು ಭಾಷಾಂತರದ ವಿಷಯ. ಕೇಂದ್ರವೊಂದರಲ್ಲಿ ಹದಿನೇಳರ ಹುಡುಗಿಯ ಮಾತನ್ನು ಸಮಾಲೋಚಕರಿಗೆ ದಾಟಿಸಲು ಅವಳ ಹತ್ತು ವರ್ಷದ ತಮ್ಮನನ್ನು ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಏನಾಗುತ್ತಿದೆ ಎಂದು ಕೇಳಿದಾಗ ಅವಳು ತಮ್ಮನ ಮುಖ ನೋಡಿ ‘ಏನಿಲ್ಲ’ ಎಂದಳು. ಅಲ್ಲಿದ್ದ ಸಮಾಲೋಚಕರು ಕೆಟ್ಟವರಲ್ಲ, ಅವಸರದಲ್ಲಿದ್ದರು, ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಭಾಷಾಂತರಕಾರರೊಂದಿಗೆ ಕೆಲಸ ಮಾಡುವುದೂ ಒಂದು ಕೌಶಲ. ಯಾರು ಎಲ್ಲಿ ಕೂರಬೇಕು, ಯಾರ ಕಡೆ ನೋಡಿ ಮಾತನಾಡಬೇಕು, ಗೋಪ್ಯತೆಯ ಮಾತನ್ನು ಮೂವರಿಗೂ ಹೇಗೆ ಅನ್ವಯಿಸಬೇಕು, ಮನೆಯವರನ್ನು ಅದರಲ್ಲೂ ಮಕ್ಕಳನ್ನು ಏಕೆ ಆ ಕೆಲಸಕ್ಕೆ ಬಳಸಬಾರದು ಎಂಬುದನ್ನು ಎರಡು ದಿನ ಅಭ್ಯಾಸ ಮಾಡಿಸಿದರೆ ಕಲಿಯಬಹುದು. ಕಿವಿ ಕೇಳಿಸದ ಯುವಜನರ ವಿಷಯದಲ್ಲಂತೂ, ಸಂಜ್ಞಾ ಭಾಷೆ ಬಲ್ಲ ಸಿಬ್ಬಂದಿಯಿಲ್ಲದೆ, ಬರೆದು ತೋರಿಸಿದರೆ ಸಾಕೆಂದು ಭಾವಿಸಿ, ಅವರ ಮೊಟಕು ಉತ್ತರಗಳನ್ನು ಬುದ್ಧಿಯ ಕೊರತೆ ಎಂದು ತಿಳಿದ ಉದಾಹರಣೆಗಳನ್ನು ನೋಡಿದ್ದೇನೆ.

ಸಿಟ್ಟಿನ ಬಗ್ಗೆಯೂ ಒಂದು ಮಾತು. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ದುಃಖದ ಬದಲಿಗೆ ಕಿರಿಕಿರಿಯ, ಸಿಡುಕಿನ ಮನಸ್ಥಿತಿಯೇ ಖಿನ್ನತೆಯ ಮುಖ್ಯ ಲಕ್ಷಣವಾಗಿರಬಹುದೆಂದು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯೇ ಒಪ್ಪುತ್ತದೆ. ಪರೀಕ್ಷೆಯಲ್ಲಿ ಈ ಸಾಲನ್ನು ಎಲ್ಲರೂ ಬರೆಯುತ್ತಾರೆ. ಆದರೆ ಕೋಣೆಗೆ ಬಂದು ಕುರ್ಚಿಯನ್ನು ಕಾಲಿನಿಂದ ಒದ್ದು ಕೂರುವ ಹುಡುಗ ಅನುಕೂಲಸ್ಥ ಮನೆಯವನಾದರೆ ಅವನಲ್ಲಿ ನೋವನ್ನು ಹುಡುಕುವ ಕಣ್ಣು, ಅವನು ಪಾಲನಾಗೃಹದಿಂದ ಬಂದವನಾದರೆ ನಡತೆಯ ದೋಷವನ್ನು ಹುಡುಕುತ್ತದೆ. ಈ ವ್ಯತ್ಯಾಸ ನಮ್ಮೆಲ್ಲರ ಒಳಗೂ ಇದೆ. ಪುಸ್ತಕ ಓದಿ ಅದು ಹೋಗುವುದಿಲ್ಲ. ತನ್ನದೇ ಸಂದರ್ಶನದ ಧ್ವನಿಮುದ್ರಣವನ್ನು, ಎದುರಿನವರ ಒಪ್ಪಿಗೆಯೊಂದಿಗೆ, ಮೇಲ್ವಿಚಾರಕರ ಜೊತೆ ಕೂತು ಮತ್ತೆ ಕೇಳಿಸಿಕೊಂಡಾಗ ಮಾತ್ರ ಅದು ಕಿವಿಗೆ ಬೀಳುತ್ತದೆ ಎಂಬುದು ನನ್ನ ಅನುಭವ.

ಆತ್ಮಹತ್ಯೆಯ ಯೋಚನೆಯ ಬಗ್ಗೆ ಕೇಳುವುದಕ್ಕೆ ಹೊಸಬರು ಅಂಜುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆಂಬ ಭಯ ಅವರಿಗೆ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ನಡೆದ ಅಧ್ಯಯನದ ಫಲಿತಾಂಶ 2005ರಲ್ಲಿ ಪ್ರಕಟವಾಗಿ ಇಷ್ಟು ಕಾಲವಾದರೂ ಈ ಭಯ ಹಾಗೆಯೇ ಉಳಿದಿದೆ. ನೇರವಾಗಿ ಕೇಳಿದ್ದರಿಂದ ಆ ವಿದ್ಯಾರ್ಥಿಗಳಲ್ಲಿ ಸಂಕಟವೂ ಹೆಚ್ಚಲಿಲ್ಲ, ಸಾಯುವ ಯೋಚನೆಯೂ ಹೆಚ್ಚಲಿಲ್ಲ. ಇದನ್ನು ತಿಳಿಸಿದರೆ ಸಾಲದು. ಆ ಪ್ರಶ್ನೆಯನ್ನು ಗಟ್ಟಿಯಾಗಿ, ತಡವರಿಸದೆ, ತಮ್ಮ ಭಾಷೆಯಲ್ಲಿ ಹತ್ತಾರು ಸಲ ಕೇಳಿ ಅಭ್ಯಾಸ ಮಾಡಿಸಬೇಕು. ನನ್ನಲ್ಲಿಗೆ ಬಂದ ಒಬ್ಬ ಹೊಸ ಸಮಾಲೋಚಕಿ ತನ್ನ ಎರಡು ವರ್ಷಗಳ ತರಬೇತಿಯಲ್ಲಿ ಆ ವಾಕ್ಯವನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ ಎಂದಾಗ ನನಗೆ ನಂಬುವುದೇ ಕಷ್ಟವಾಯಿತು.

ತಮ್ಮ ಸಂಸ್ಥೆಗಳು ಈ ಕೊರತೆಯನ್ನು ಗಮನಿಸಿಲ್ಲವೆಂದು ನಾನು ಹೇಳಲಾರೆ. ‘ಸಾಂಸ್ಕೃತಿಕ ಸಂವೇದನೆ’ಯ ಹೆಸರಿನಲ್ಲಿ ಒಂದು ದಿನದ, ಎರಡು ದಿನದ ಕಾರ್ಯಾಗಾರಗಳು ಈಗ ಎಲ್ಲೆಡೆ ನಡೆಯುತ್ತಿವೆ. ನಾನೂ ಭಾಗವಹಿಸಿದ್ದೇನೆ, ನಾನೂ ನಡೆಸಿಕೊಟ್ಟಿದ್ದೇನೆ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಗುಂಪುಚರ್ಚೆ, ಸಂಜೆ ಪ್ರಮಾಣಪತ್ರ. ಇಂಥ ಸಮುದಾಯದವರು ಹೀಗಿರುತ್ತಾರೆ, ಅಂಥ ಸಮುದಾಯದವರು ಹಾಗಿರುತ್ತಾರೆ ಎಂಬ ಪಟ್ಟಿಗಳನ್ನು ಅಲ್ಲಿ ಹಂಚಲಾಗುತ್ತದೆ. ಆ ಪಟ್ಟಿ ಹಿಡಿದು ಬಂದವರು ಎದುರಿಗಿರುವ ಹುಡುಗನನ್ನು ಕೇಳುವ ಬದಲು ಪಟ್ಟಿಯನ್ನು ಕೇಳುತ್ತಾರೆ. ಪಟ್ಟಿಗಿಂತ ಪ್ರಶ್ನೆ ಒಳ್ಳೆಯದು. ನಾನು ಮೇಲೆ ಹೇಳಿದ ಕೈಪಿಡಿಯ 2013ರ ಆವೃತ್ತಿಯಲ್ಲಿ ಇದಕ್ಕೆಂದೇ ಹದಿನಾರು ಪ್ರಶ್ನೆಗಳ ಸಂದರ್ಶನವೊಂದನ್ನು ಸೇರಿಸಲಾಗಿದೆ. ನಿನಗಾಗುತ್ತಿರುವುದನ್ನು ನಿನ್ನ ಮನೆಯವರಿಗೆ ಹೇಳುವಾಗ ಹೇಗೆ ಹೇಳುತ್ತೀ, ಇದು ಯಾಕೆ ಆಗುತ್ತಿದೆ ಎಂದು ನಿನಗನಿಸುತ್ತದೆ, ನೆರವು ಪಡೆಯಲು ಈವರೆಗೆ ಏನು ಅಡ್ಡಬಂದಿದೆ ಎಂದು ಕೇಳುವ ಬಗೆ ಅದು. ಆ ಗ್ಯಾರೇಜಿನ ಹುಡುಗನಿಗೆ ಕೊನೆಯ ಪ್ರಶ್ನೆಯೊಂದನ್ನು ಕೇಳಿದ್ದರೂ ಅರ್ಧ ದಿನದ ಕೂಲಿಯ ವಿಷಯ ಮೊದಲ ದಿನವೇ ತಿಳಿಯುತ್ತಿತ್ತು.

ಕಾರ್ಯಾಗಾರವೊಂದರಿಂದಲೇ ಕೌಶಲ ಉಳಿಯುವುದಿಲ್ಲ ಎಂಬುದಕ್ಕೆ ಪುರಾವೆಯೂ ಹಳೆಯದೇ. ವ್ಯಸನ ಚಿಕಿತ್ಸೆಯಲ್ಲಿ ತೊಡಗಿದ್ದ 140 ವೃತ್ತಿಪರರನ್ನು ಬೇರೆ ಬೇರೆ ರೀತಿಯ ತರಬೇತಿಗೆ ಹಂಚಿ ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾರ್ಯಾಗಾರದ ನಂತರವೂ ತಮ್ಮ ಕೆಲಸದ ಬಗ್ಗೆ ಹಿಮ್ಮಾಹಿತಿಯನ್ನೋ ವೈಯಕ್ತಿಕ ಮಾರ್ಗದರ್ಶನವನ್ನೋ ಪಡೆದವರಲ್ಲಿ ಕಲಿತದ್ದು ಉಳಿಯಿತು. ಕಾರ್ಯಾಗಾರ ಮುಗಿಸಿ ಮನೆಗೆ ಹೋದವರಲ್ಲಿ ಅದು ಕೆಲವೇ ತಿಂಗಳಲ್ಲಿ ಕರಗತೊಡಗಿತು. ಬಡವರ ನಡುವೆ ಕೆಲಸ ಮಾಡಲು ಹೋಗುವವರಿಗೆ ಮಾತ್ರ ಈಗಲೂ ನಾವು ಕೊಡುವುದು ಕಾರ್ಯಾಗಾರವನ್ನೇ. ಮೇಲ್ವಿಚಾರಣೆ ಎಂಬುದು ದೊಡ್ಡ ಆಸ್ಪತ್ರೆಗಳಲ್ಲಿ ಕಲಿಯುವವರಿಗೆ ಸಿಗುವ ಸೌಲಭ್ಯವಾಗಿ ಉಳಿದಿದೆ. ಅತಿ ಕಠಿಣ ಸನ್ನಿವೇಶಗಳಿಗೆ ಅತಿ ಕಡಿಮೆ ಬೆಂಬಲದೊಂದಿಗೆ ಹೊಸಬರನ್ನು ಕಳುಹಿಸುವ ಈ ಪದ್ಧತಿಯನ್ನು ನಾನು ತಮ್ಮೆದುರು ಆಕ್ಷೇಪಿಸುತ್ತೇನೆ.

ನನ್ನ ಮೊದಲ ಕೋರಿಕೆ ಇದರಿಂದಲೇ ಹೊರಡುತ್ತದೆ. ತರಬೇತಿಯ ಗಂಟೆಗಳಲ್ಲಿ ಒಂದು ದೊಡ್ಡ ಪಾಲನ್ನು ಯುವಜನ ಇರುವ ಕಡೆಯೇ, ಅಂದರೆ ದುಡಿಯುವ ಸ್ಥಳದ ಹತ್ತಿರ, ಪಾಲನಾಗೃಹದಲ್ಲಿ, ಸಂಜೆಯ ಶಾಲೆಯಲ್ಲಿ, ಬಿಡುಗಡೆಯಾದ ಮಕ್ಕಳ ಪುನರ್ವಸತಿ ಕೇಂದ್ರದಲ್ಲಿ, ಅನುಭವಿ ಮೇಲ್ವಿಚಾರಕರೊಂದಿಗೆ ಕಳೆಯುವಂತೆ ಕಡ್ಡಾಯ ಮಾಡಿರಿ. ಪ್ರಮಾಣಪತ್ರ ಕೊಟ್ಟ ಮೇಲೆ ಕನಿಷ್ಠ ಒಂದು ವರ್ಷ, ವಾರಕ್ಕೊಂದು ಗಂಟೆಯಾದರೂ ಮೇಲ್ವಿಚಾರಣೆ ಸಿಗುವಂತೆ ಏರ್ಪಾಡು ಮಾಡಿರಿ. ದೂರದಲ್ಲಿರುವವರಿಗೆ ಫೋನ್ ಅಥವಾ ವಿಡಿಯೊ ಕರೆಯ ಮೂಲಕವೂ ಇದು ಸಾಧ್ಯ. ನಾನು ಈಗ ಮಾಡುತ್ತಿರುವುದು ಬಹುಪಾಲು ಹಾಗೆಯೇ.

ಎರಡನೆಯದು ಪರೀಕ್ಷೆಗೆ ಸಂಬಂಧಿಸಿದ್ದು. ಬರವಣಿಗೆಯ ಪರೀಕ್ಷೆ ನೆನಪಿನ ಶಕ್ತಿಯನ್ನು ಅಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2022ರಲ್ಲಿ ಹೊರತಂದ ‘ಈಕ್ವಿಪ್’ ಎಂಬ ಆನ್‌ಲೈನ್ ವೇದಿಕೆಯಲ್ಲಿ, ಪಾತ್ರಾಭಿನಯದ ಮೂಲಕ, ಅಂದರೆ ಒಬ್ಬರನ್ನು ನೆರವು ಕೇಳಿ ಬಂದವರ ಪಾತ್ರದಲ್ಲಿ ಎದುರಿಗೆ ಕೂರಿಸಿ, ಸಮಾಲೋಚಕರ ಕೌಶಲವನ್ನು ನೋಡಿ ಅಳೆಯುವ ಸಾಧನಗಳಿವೆ, ಮಕ್ಕಳೊಂದಿಗೆ ಕೆಲಸ ಮಾಡುವವರಿಗೆಂದೇ ರೂಪಿಸಿದ್ದೂ ಇದೆ. ಗೋಪ್ಯತೆಯನ್ನು ಸರಿಯಾಗಿ ವಿವರಿಸಿದರೇ, ಹಾನಿಯ ಸಾಧ್ಯತೆಯನ್ನು ಕೇಳಿದರೇ, ಮಗುವನ್ನು ಗದರಿಸಿದರೇ, ಇವೆಲ್ಲ ಅಲ್ಲಿ ಕಣ್ಣಿಗೆ ಕಾಣುತ್ತವೆ. ಹಾನಿಕಾರಕ ನಡವಳಿಕೆಯನ್ನು ಬೇರೆಯಾಗಿಯೇ ಗುರುತಿಸುವ ವ್ಯವಸ್ಥೆ ಅದರಲ್ಲಿರುವುದು ನನಗೆ ವಿಶೇಷವಾಗಿ ಮುಖ್ಯವೆನಿಸಿದೆ, ಏಕೆಂದರೆ ಒಳ್ಳೆಯ ಅಂಕ ಪಡೆದವರೂ ಹಾನಿ ಮಾಡಬಲ್ಲರು. ನಾನು ಮಾಡಿದ್ದೇನೆ.

ಮೂರನೆಯದನ್ನು ತಾವು ವಿಚಿತ್ರವೆಂದು ಭಾವಿಸಬಹುದು. ಕಲಿಸುವ ಕೆಲಸಕ್ಕೆ ಈ ಯುವಜನರನ್ನೇ ಕರೆಯಿರಿ, ಮತ್ತು ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಿರಿ. ಪಾಲನಾಗೃಹದಲ್ಲಿ ಬೆಳೆದ, ಈಗ ಇಪ್ಪತ್ತಮೂರು ವರ್ಷದ ಯುವತಿಯೊಬ್ಬರು ನಮ್ಮ ಹೊಸಬರಿಗೆ ವರ್ಷಕ್ಕೆರಡು ಸಲ ತರಗತಿ ತೆಗೆದುಕೊಳ್ಳುತ್ತಾರೆ. ಅವರು ತಮ್ಮ ಜೀವನದ ಕಥೆ ಹೇಳುವುದಿಲ್ಲ. ಹಾಗೆ ಹೇಳಿಸಿ ಕಣ್ಣೀರು ಬರಿಸುವುದು ನಮ್ಮ ಉದ್ದೇಶವೂ ಅಲ್ಲ, ಅದನ್ನು ಅವರು ಮೊದಲ ದಿನವೇ ಷರತ್ತಾಗಿ ಹಾಕಿದ್ದರು. ಪಾತ್ರಾಭಿನಯದಲ್ಲಿ ಎದುರಿಗೆ ಕೂತು, ಹೊಸ ಸಮಾಲೋಚಕರ ಯಾವ ಮಾತಿಗೆ ತಮ್ಮ ಮನಸ್ಸು ಮುಚ್ಚಿಕೊಂಡಿತು ಎಂದು ಅಲ್ಲಲ್ಲೇ ತಡೆದು ಹೇಳುತ್ತಾರೆ. ಒಮ್ಮೆ ಅವರು ಹೇಳಿದ್ದು ಹೀಗೆ: ‘ನಿನ್ನ ಮನೆಯ ಬಗ್ಗೆ ಹೇಳು ಅಂತ ನೀವು ಎಲ್ಲರನ್ನೂ ಮೊದಲು ಕೇಳುತ್ತೀರಿ. ಅದು ನಿಮಗೆ ಸುಲಭದ ಪ್ರಶ್ನೆ. ನನಗೆ ಅದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ.’ ಆ ದಿನದಿಂದ ನಮ್ಮ ಕೇಂದ್ರದ ಮೊದಲ ಭೇಟಿಯ ನಮೂನೆಯಲ್ಲಿ ಪ್ರಶ್ನೆಗಳ ಕ್ರಮ ಬದಲಾಗಿದೆ. ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯವನ್ನು ಕೇಳಿ ಅದಕ್ಕೆ ತಕ್ಕ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಆ ವಿಧಿಯನ್ನು ನಾವು ಪಾಠ ಮಾಡುತ್ತೇವೆ, ಪಾಠವನ್ನು ಅವರಿಲ್ಲದೆ ಬರೆಯುತ್ತೇವೆ.

ಇದೇ ಜಾಡಿನಲ್ಲಿ ಮುಂದುವರಿದು, ತರಬೇತಿಗೆ ಯಾರನ್ನು ಸೇರಿಸಿಕೊಳ್ಳುತ್ತೀರಿ ಎಂಬುದನ್ನೂ ಪರಿಶೀಲಿಸಬೇಕೆಂದು ಕೋರುತ್ತೇನೆ. ಶುಲ್ಕ, ಪ್ರವೇಶ ಪರೀಕ್ಷೆಯ ಭಾಷೆ, ಸಂಬಳವಿಲ್ಲದ ತಿಂಗಳುಗಟ್ಟಲೆಯ ಅಭ್ಯಾಸಾವಧಿ, ಈ ಮೂರೂ ಸೇರಿ ಆ ಯುವಜನರ ನಡುವಿನಿಂದಲೇ ಬರಬಹುದಾದ ಸಮಾಲೋಚಕರನ್ನು ಬಾಗಿಲಲ್ಲೇ ತಡೆಯುತ್ತಿವೆ. ಅಭ್ಯಾಸಾವಧಿಗೆ ಭತ್ಯೆ ಕೊಡದಿದ್ದರೆ ದುಡಿದು ತಿನ್ನಬೇಕಾದವರು ಈ ವೃತ್ತಿಗೆ ಬರುವುದಾದರೂ ಹೇಗೆ?

ಇಷ್ಟೆಲ್ಲ ಮಾಡಿದರೂ ಎಲ್ಲ ಸರಿಹೋಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಉತ್ತರ ಉಗಾಂಡದಲ್ಲಿ ಯುದ್ಧದಿಂದ ನೆಲೆ ಕಳೆದುಕೊಂಡವರ ಶಿಬಿರಗಳಲ್ಲಿ 14ರಿಂದ 17 ವರ್ಷದವರಿಗೆ ಗುಂಪು ಚಿಕಿತ್ಸೆ ನೀಡಿ ನಡೆಸಿದ, 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಡುಗಿಯರ ಖಿನ್ನತೆ ಗಮನಾರ್ಹವಾಗಿ ಇಳಿಯಿತು, ಹುಡುಗರಲ್ಲಿ ಅಂಥ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಅವೇ ಶಿಬಿರಗಳು, ಅದೇ ಚಿಕಿತ್ಸೆ. ಸ್ಥಳೀಯ ಭಾಷೆಯಲ್ಲಿ, ಸ್ಥಳೀಯ ಜನರೇ ನಡೆಸಿಕೊಟ್ಟ, ಬಹಳ ಜಾಗರೂಕತೆಯಿಂದ ಮಾಡಿದ ಕೆಲಸದಲ್ಲೂ ಹುಡುಗರನ್ನು ತಲುಪಲು ಬೇರೇನೋ ಬೇಕಾಗಿತ್ತು. ಹಾಗಾಗಿ ಯಾರು ಗುಣಮುಖರಾಗುತ್ತಿದ್ದಾರೆ, ಯಾರು ಆಗುತ್ತಿಲ್ಲ, ಯಾರು ಎರಡನೆಯ ಸಲ ಬರುತ್ತಿಲ್ಲ ಎಂಬುದನ್ನು ಬೇರೆ ಬೇರೆಯಾಗಿ ಎಣಿಸುವುದನ್ನು ತರಬೇತಿಯ ಭಾಗವಾಗಿಯೇ ಕಲಿಸಬೇಕು. ಯಾರೂ ಎಣಿಸದೆ ಇದ್ದುದರಿಂದಲೇ ‘ಸಹಕರಿಸಲಿಲ್ಲ’ ಎಂಬ ವಾಕ್ಯ ಇಷ್ಟು ವರ್ಷ ಬಾಳಿಕೆ ಬಂದಿದೆ.

ಹಣವಿಲ್ಲ, ಅವಧಿ ಸಾಲದು ಎಂಬ ಉತ್ತರವನ್ನು ನಾನು ನಿರೀಕ್ಷಿಸಿದ್ದೇನೆ, ಅದು ಸುಳ್ಳೆಂದೂ ಹೇಳುವುದಿಲ್ಲ. ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡುವ ಹಣದಲ್ಲಿ ಮಾನಸಿಕ ಆರೋಗ್ಯಕ್ಕೆ ಸಿಗುವುದು ಸರಾಸರಿ ಶೇಕಡ 2ರಷ್ಟು ಮಾತ್ರ. ಆದರೆ ನಾನು ಕೇಳುತ್ತಿರುವುದರಲ್ಲಿ ಹಲವು, ಈಗಾಗಲೇ ಇರುವ ಗಂಟೆಗಳನ್ನು ಬೇರೆ ರೀತಿ ಬಳಸುವುದಕ್ಕೆ ಸಂಬಂಧಿಸಿದವು. ಒಂದು ಉಪನ್ಯಾಸದ ಬದಲು ಒಂದು ಪಾತ್ರಾಭಿನಯ, ಒಂದು ಪ್ರಬಂಧದ ಬದಲು ಒಂದು ಧ್ವನಿಮುದ್ರಣದ ಪರಿಶೀಲನೆ. ಹೆಚ್ಚುವರಿ ಹಣ ಬೇಕಿರುವುದು ಮೇಲ್ವಿಚಾರಣೆಗೆ ಮತ್ತು ಭತ್ಯೆಗೆ. ಅದಕ್ಕಾಗಿ ತಾವು ಸರ್ಕಾರದ ಮುಂದೆ, ದಾನಿಗಳ ಮುಂದೆ ಬೇಡಿಕೆ ಇಡುವುದಾದರೆ ನನ್ನಂಥ ಮೇಲ್ವಿಚಾರಕರು ತಮ್ಮ ಜೊತೆ ನಿಂತು ಸಹಿ ಹಾಕುತ್ತೇವೆ.

ಹೊಸಬರ ಕ್ಷೇಮದ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. ದಿನವಿಡೀ ಇಂಥ ನೋವಿನ ಎದುರು ಕೂರುವ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು ಒಂದೆರಡು ವರ್ಷದಲ್ಲೇ ಕೆಲಸ ಬಿಟ್ಟುಹೋಗುತ್ತಾರೆ. ಹೋಗುವಾಗ ತಮ್ಮಲ್ಲೇ ಏನೋ ದೋಷವಿದೆ ಎಂದು ನಂಬಿ ಹೋಗುತ್ತಾರೆ. ಬಿಟ್ಟುಹೋದ ಸಮಾಲೋಚಕರನ್ನು ಹುಡುಕಿಕೊಂಡು ಬಂದ ಮಗುವಿಗೆ ‘ಅವರು ಈಗ ಇಲ್ಲಿಲ್ಲ’ ಎಂದು ಹೇಳುವ ಕೆಲಸವನ್ನು ನಾನು ಹಲವು ಸಲ ಮಾಡಿದ್ದೇನೆ. ಅದೇ ಕಥೆಯನ್ನು ಮತ್ತೊಬ್ಬರಿಗೆ ಮೊದಲಿನಿಂದ ಹೇಳುವುದಕ್ಕೆ ಆ ಮಕ್ಕಳಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಒಬ್ಬರು ಎಷ್ಟು ಮಂದಿಯನ್ನು ನೋಡಬಹುದೆಂಬ ಮಿತಿಯನ್ನು, ಅವರಿಗೆ ಸಿಗಬೇಕಾದ ವಿರಾಮವನ್ನು, ಅಭ್ಯಾಸಕ್ಕೆ ಕಳುಹಿಸುವ ಕೇಂದ್ರಗಳೊಂದಿಗಿನ ತಮ್ಮ ಒಪ್ಪಂದದಲ್ಲೇ ಬರೆಸಿರಿ.

ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ಸಭೆ ಸೇರುವಾಗ ಮೇಲಿನ ಕೋರಿಕೆಗಳನ್ನು ಕಾರ್ಯಸೂಚಿಯಲ್ಲಿ ಸೇರಿಸಿ, ಅವುಗಳಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಯಾವ ಕಾರಣಕ್ಕೆ ಕೈಬಿಟ್ಟಿರಿ ಎಂಬುದನ್ನು ಬರವಣಿಗೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಆ ಸಭೆಗೆ ಇಪ್ಪತ್ತೈದು ವರ್ಷದೊಳಗಿನ ಇಬ್ಬರನ್ನಾದರೂ, ನಮ್ಮ ಸೇವೆಯನ್ನು ನಡುವೆಯೇ ಬಿಟ್ಟುಹೋದವರ ಪೈಕಿ, ಕರೆಯಿರಿ. ಸಭೆಯನ್ನು ಅವರ ಕೆಲಸದ ಹೊತ್ತಿನಲ್ಲಿ ಇಡಬೇಡಿ. ಇಡಲೇಬೇಕಾದರೆ ಆ ದಿನದ ಕೂಲಿಯನ್ನು ತುಂಬಿಕೊಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಆಪ್ತಸಮಾಲೋಚಕಿ ಮತ್ತು ಮೇಲ್ವಿಚಾರಕಿ